ಮಲ್ಲಿಕಾರ್ಜುನಪ್ಪನವರ ಅಕ್ಷರಗಳು

ಜೂನ್ 3, ಸೋಮವಾರ

ಬೆಳಗಿನಿಂದ ಮೂರು ನಾಮಕರಣದ ಕಾರ್ಡು, ಒಂದು ಶಿವಗಣಾರಾಧನೆಯದು. ಸತ್ತವರ ಹೆಸರೇ ವಾಸಿ. ಓದಲಿಕ್ಕಾದರೂ ಬರುತ್ತದೆ. ಹುಟ್ಟಿದವರ ಹೆಸರು ಟೈಪ್ ಮಾಡುವಾಗ ಬೆರಳು ತಡವರಿಸುತ್ತದೆ. ಪರಶುರಾಂಪುರದ ಕಡೆಯವನೊಬ್ಬ ಬಂದಿದ್ದ. ತಾನು ಯೋಗೀಶ, ಹೆಂಡತಿ ತ್ರಿವೇಣಿ, ಮಗ ‘ತ್ರಿಯೋಗ್ವೇಶ್’. ಇಬ್ಬರ ಅಕ್ಷರವೂ ಬರಬೇಕಂತೆ. ಅರ್ಥ ಏನು ಅಂತ ಕೇಳಿದೆ. "ಗೂಗಲ್‌ನಾಗೆ ಹುಡುಕಿದ್ರೂ ಸಿಗಲ್ಲ ಮೇಡಂ, ಅದಕ್ಕೇ ಇಟ್ಟಿದ್ದು" ಅಂದ. ಹೆಮ್ಮೆ ಬೇರೆ. ನಮ್ಮ ಪ್ರೆಸ್ಸಿನ ಓನರ್ ಗಂಗರಾಜಣ್ಣ ಎಲೆಅಡಿಕೆ ಜಗಿಯುತ್ತಾ "ಭಾಳ ಚೆನ್ನಾಗೈತೆ" ಅಂದರು. ಅಡ್ವಾನ್ಸ್ ಕೊಟ್ಟವರ ಹೆಸರೆಲ್ಲ ಅವರಿಗೆ ಚೆನ್ನಾಗಿಯೇ ಇರುತ್ತದೆ.

ಸಂಜೆ ಮನೆಗೆ ಬಂದರೆ ಅದೇ ರೋಗ ಇಲ್ಲಿಗೂ ಬಂದಿದೆ. ಹೋದ ಮಂಗಳವಾರ ನನ್ನ ತಮ್ಮ ಸಿದ್ದುಗೆ ಮಗಳು ಹುಟ್ಟಿದಳು. ಅವನ ಹೆಂಡತಿ ದೀಪಿಕಾ ಬಾಣಂತನಕ್ಕೆ ಮೊಳಕಾಲ್ಮೂರಿನ ತವರಿನಲ್ಲಿದ್ದಾಳೆ. ಚಳ್ಳಕೆರೆಯ ಈ ಮನೆಯಲ್ಲಿ ಸದ್ಯಕ್ಕೆ ಅಪ್ಪ, ಸಿದ್ದು, ಅವರಿಬ್ಬರಿಗೆ ಅನ್ನ ಬೇಯಿಸಲು ನಾನು.

ಅಪ್ಪ ಜಗಲಿಯ ಮೇಲೆ ಕೂತು ಕಾಲುಗುರು ಕತ್ತರಿಸುತ್ತಿದ್ದರು. ಒಂದು ಚೂರು ಹಾರಿ ಬಂದು ನನ್ನ ಟಿಫನ್ ಬ್ಯಾಗಿನ ಮೇಲೆ ಬಿತ್ತು. ಥೂ.

"ಗಂಡಾಗಿದ್ರೆ ನನ್ನ ಹೆಸ್ರೇ ಇಡಬೋದಿತ್ತು. ಹೆಣ್ಣಾತು. ಹೋಗ್ಲಿ, ನನ್ನ ಅಕ್ಷರನಾದ್ರೂ ಬರ್ಲಿ. ನಕ್ಷತ್ರಕ್ಕೆ ‘ಜು’ ಅಂತ ಬಂದೈತೆ ನೋಡಮ್ಮ. ನನ್ನ ಹೆಸರಿನಾಗೂ ಜು ಐತೆ. ಸುಮ್ನೆ ಬರ್ತೈತಾ ಹಂಗೆ?"

ನಮ್ಮಲ್ಲಿ ಹೋದವರ ಹೆಸರನ್ನು ಇಡುತ್ತಾರೆ. ಅಪ್ಪನಿಗೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಇಲ್ಲ.

ಜೂನ್ 5, ಬುಧವಾರ

ಫ್ಯಾಮಿಲಿ ಗ್ರೂಪಿನಲ್ಲಿ ಸಿದ್ದು ಕಾಂಪಿಟಿಷನ್ ಹಾಕಿದ್ದಾನೆ. "ಅಪ್ಪಾಜಿ ಹೆಸರಿನ ಅಕ್ಷರಗಳಿಂದ ಮಗುವಿಗೆ ಹೆಸರು ಮಾಡಿ. ಜು ಇಂದ ಶುರುವಾಗಬೇಕು. ಗೆದ್ದವರಿಗೆ ಮೊಳಕಾಲ್ಮೂರು ರೇಷ್ಮೆ ಸೀರೆ." ಸೀರೆ ಕೊಡುವವರು ಬೀಗರು. ಅಂಗಡಿ ಅವರದು, ಉದಾರತನ ನಮ್ಮದು.

ಒಂದು ಗಂಟೆಯಲ್ಲಿ ಗ್ರೂಪು ಸಂತೆಯಾಯಿತು. ಜುಮಾಲಿ. ಜುಪಿಕಾ. ಜುನ್ನಾಪ. ಇದನ್ನು ಕಳಿಸಿದ್ದು ದಾವಣಗೆರೆಯ ಅತ್ತೆ, ಜೊತೆಗೆ ಕೈ ಮುಗಿಯುವ ಗೊಂಬೆ ಆರು ಸಲ. ಚಿಕ್ಕಪ್ಪ ಬರೆದರು, ಅಣ್ಣನ ಹೆಸರಿನಲ್ಲಿ ಎಂಥ ಸಂಪತ್ತಿದೆ ಅಂತ ಈಗ ಗೊತ್ತಾಯಿತು ಅಂತ. ಅದೇ ಚಿಕ್ಕಪ್ಪ, ಶೇಂಗಾ ಮಂಡಿ ಪಾಲಾದಾಗ ಎರಡು ವರ್ಷ ಅಣ್ಣನ ಮುಖ ನೋಡಿರಲಿಲ್ಲ.

ಊಟ ಆದ ಮೇಲೆ ನಾನೂ ಕೂತೆ. ಕೈ ಸುಮ್ಮನಿರುವುದಿಲ್ಲ, ದಿನವಿಡೀ ಅಕ್ಷರದ ಜೊತೆಗೇ ಇದ್ದು ಇದ್ದು. ಮ, ಲ್ಲಿ, ಕಾ, ರ್ಜು, ನ, ಪ್ಪ. ಬಿಡಿಸಿ, ಒತ್ತು ಕಿತ್ತು, ಗುಣಿತ ಬದಲಾಯಿಸಿ ನೋಡಿದೆ. ಮೊದಲೆರಡು ಅಕ್ಷರಕ್ಕೇ ಮಲ. ಆಮೇಲೆ ನರಿ. ಕಪಿ. ಜಾಲ. ಕೊಲೆ. ಪಾಪ. ನರಕ. ಕಪಾಲ. ಸಂಪತ್ತು ನಿಜವೇ. ಒಳ್ಳೆಯದೂ ಸಿಕ್ಕವು, ಸುಳ್ಳು ಯಾಕೆ ಹೇಳಲಿ. ಮನ, ಜನ, ಕಮಲ, ಮರ. ಆದರೆ ಕೆಟ್ಟ ಪದಗಳನ್ನು ಹುಡುಕುವಾಗ ಸಿಕ್ಕ ಖುಷಿ ಇವುಗಳಲ್ಲಿ ಸಿಗಲಿಲ್ಲ.

ಜೂನ್ 8, ಶನಿವಾರ

ಗ್ರೂಪಿನಲ್ಲಿ ಇನ್ನೂ ನಿಂತಿಲ್ಲ. "ಶಿಲ್ಪಾ ಯಾಕೆ ಸುಮ್ಮನಿದ್ದಾಳೆ, ಅಕ್ಷರದ ಕೆಲಸ ಮಾಡೋಳು" ಅಂತ ದಾವಣಗೆರೆ ಅತ್ತೆ ಕೆಣಕಿದರು. ಮೈ ಉರಿದು ಬರೆದೆ: "ಜುನಲಿಕಾ. ಜು, ನ, ಲಿ, ಕಾ, ಎಲ್ಲಾ ಅಪ್ಪಾಜಿಯದೇ. ಮಿಕ್ಕಿದ್ದು ಮ ಮತ್ತು ಪ್ಪ. ಅದನ್ನು ಮುಂದಿನ ಮಗುವಿಗೆ ಇಟ್ಟುಕೊಳ್ಳಿ, ಮಪ್ಪ ಅಂತ."

ನಗುತ್ತಾರೆ, ಇಲ್ಲ ಬೈಯುತ್ತಾರೆ ಅಂದುಕೊಂಡೆ. ಆಮೇಲೆ ಸಿದ್ದು: "ಸೂಪರ್ ಅಕ್ಕ!! ಯೂನಿಕ್ ಐತೆ!!" ಚಿಕ್ಕಪ್ಪ: "ಕೇಳಲು ಇಂಪಾಗಿದೆ." ಅತ್ತೆ: "ಸಂಸ್ಕೃತದ ಥರ ಇದೆ."

ಕೆಳಗಿನಿಂದ ಅಪ್ಪನೇ ಮೆಟ್ಟಿಲು ಹತ್ತಿ ನನ್ನ ರೂಮಿಗೆ ಬಂದರು. ಮೊಣಕಾಲು ನೋವು ಅಂತ ವರ್ಷದಿಂದ ಮೇಲೆ ಬಂದವರಲ್ಲ. "ನಾಲ್ಕಕ್ಷರ ನಂದೇ ಬಂದ್ವಲ್ಲಮ್ಮ! ತಲೆ ಐತೆ ನಿಂಗೆ" ಅಂದರು. ನನ್ನ ತಲೆಯ ವಿಷಯ ಈ ಮನೆಯಲ್ಲಿ ಒಳ್ಳೆ ಮಾತು ಬಂದದ್ದು ಇದೇ ಮೊದಲು. ತಮಾಷೆಗೆ ಬರೆದದ್ದು ಅಂತ ಹೇಳಬೇಕಿತ್ತು. ಹೇಳಲಿಲ್ಲ. ಹೊಗಳಿಸಿಕೊಳ್ಳುತ್ತಾ ನಿಂತೆ, ನಾಚಿಕೆಗೆಟ್ಟವಳು.

ಜೂನ್ 11, ಮಂಗಳವಾರ

ರಜೆ ಹಾಕಿ ಮೊಳಕಾಲ್ಮೂರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಪಕ್ಕದವನು ಈರುಳ್ಳಿ ಮೂಟೆಯ ಮೇಲೆ ಕಾಲಿಟ್ಟು ತಳಕು ಸ್ಟಾಪ್ ದಾಟುವವರೆಗೆ ಸ್ಪೀಕರ್ ಹಾಕಿ ರೀಲ್ಸ್ ನೋಡಿದ. ಸಾಲದ್ದಕ್ಕೆ ಮುಂದಿನ ಸೀಟಿನ ಒಂದು ಮಗು ವಾಂತಿ ಮಾಡಿತು. ಇರಲಿ.

ನಮ್ಮ ಮಗು ಚೆನ್ನಾಗಿದೆ. ಇದನ್ನು ಬೇರೆ ಥರ ಬರೆಯಲು ಬರುವುದಿಲ್ಲ. ತೊಡೆಯ ಮೇಲೆ ಹಾಕಿಕೊಂಡೆ. ಕಿವಿ ಇನ್ನೂ ಮಡಿಚಿಕೊಂಡಿದೆ, ಹೂರಣ ತುಂಬದ ಕಡುಬಿನ ಹಾಗೆ. ಎದೆ ತುಂಬಿ ಬಂತು. ಮೂವತ್ತೆಂಟು ವರ್ಷಕ್ಕೆ ನಾನು ಒಬ್ಬಳಿಗೆ ಸೋದರತ್ತೆಯಾದೆ. ಗಂಡ ಅನ್ನಿಸಿಕೊಂಡ ಆ ವೀರೇಶನನ್ನು ಬಿಟ್ಟು ಬಂದಾಗಿನಿಂದ ಯಾರಿಗೂ ಏನೂ ಆಗಿರಲಿಲ್ಲ.

ದೀಪಿಕಾಳ ತಾಯಿ ದಾಕ್ಷಾಯಿಣಿಯವರು ಕುಲಾವಿ ಹೊಲಿಸುವ ಮಾತು ತೆಗೆದರು. ಮಗುವಿನ ಟೋಪಿ ಸೋದರತ್ತೆಯೇ ತರಬೇಕು. ತೊಟ್ಟಿಲಿಗೆ ಹಾಕುವ ದಿನ ಬಗ್ಗಿ, ಮಗುವಿನ ಕಿವಿಯಲ್ಲಿ ‘ಕುರ್ರ್’ ಅಂದು, ಹೆಸರು ಹೇಳುವವಳೂ ಅವಳೇ. ಹೇಳುತ್ತಿದ್ದ ಹಾಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ.

"ನಮ್ ಕಡೆ ಜೋರಾಗೇ ಗುದ್ತಾರೆ ಕಣಮ್ಮ, ಬೆನ್ನಿಗೆ ಎಣ್ಣೆ ಹಚ್ಕೊಂಡು ಬಾ" ಅಂತ ದಾಕ್ಷಾಯಿಣಿಯವರು ನಕ್ಕರು. ಮಂಚದ ಮೇಲಿದ್ದ ಅವರ ಅತ್ತೆ, ಹಲ್ಲಿಲ್ಲದ ಅಜ್ಜಿ, ಹೆಸರು ಏನಿಡ್ತೀರಿ ಅಂತ ಕೇಳಿತು. ಹೇಳಿದೆ. ಅಜ್ಜಿ ಕಿವಿಗೆ ಕೈಯಿಟ್ಟು ಎರಡು ಸಲ ಹೇಳಿಸಿಕೊಂಡಿತು. "ಏಂ ಪೇರಮ್ಮಾ ಇದಿ!" ಇದೆಂಥ ಹೆಸರಮ್ಮ ಅಂತ ತೆಲುಗಿನಲ್ಲಿ ಅಂದು ಗೋಡೆಗೆ ತಿರುಗಿ ಮಲಗಿತು. ಆ ಮನೆಯಲ್ಲಿ ಬುದ್ಧಿ ಇರುವುದು ಅದೊಂದಕ್ಕೇ.

ಬರುವಾಗ ಹಸಿರು ರೇಷ್ಮೆಯ ತುಂಡು ಕೊಂಡು ತಂದೆ. ಕುಲಾವಿ ನಾನೇ ಹೊಲಿಯುತ್ತೇನೆ.

ಜೂನ್ 16, ಭಾನುವಾರ

ಬರೆಯಲು ಕೈ ಬರುತ್ತಿಲ್ಲ.

ಕಾರ್ಡಿನ ಮ್ಯಾಟರ್ ಕೇಳಲು ಕೆಳಗೆ ಹೋಗಿದ್ದೆ. ಮುಂದಿನ ಭಾನುವಾರ ಮೊಳಕಾಲ್ಮೂರಿನಲ್ಲಿ ತೊಟ್ಟಿಲು. ಚಿಕ್ಕಪ್ಪನೂ ಇದ್ದರು. ಅಪ್ಪ ಟಿವಿಯಿಂದ ಮುಖ ತಿರುಗಿಸದೇ ಹೇಳಿದರು:

"ಹೆಸರು ಹೇಳೋಕೆ ಶೃತಿ ಬರ್ತಾಳೆ."

ಶೃತಿ ಚಿಕ್ಕಪ್ಪನ ಮಗಳು, ನಾಯಕನಹಟ್ಟಿಗೆ ಕೊಟ್ಟಿದೆ. ಒಳ್ಳೆ ಹುಡುಗಿ. ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನಾನಿದೀನಲ್ಲ ಅಪ್ಪಾಜಿ."

"ನೀನಿದೀಯ. ಯಾರು ಇಲ್ಲ ಅಂದ್ರು? ತಾಳಿ ಇಲ್ದೋಳು ತೊಟ್ಟಿಲ ಮುಂದೆ ಬಗ್ಗಿದ್ರೆ ನೋಡ್ದೋರು ಏನಂತಾರೆ? ಬೀಗರ ಮನೆ. ಮಗಿನ ಶ್ರೇಯಸ್ಸು ನೋಡ್ಬೇಕಲ್ಲಮ್ಮ."

ಚಿಕ್ಕಪ್ಪ ಸೇರಿಸಿದರು: "ಅಣ್ಣ ಬೇರೆ ಅರ್ಥದಾಗೆ ಹೇಳ್ತಿಲ್ಲ ಶಿಲ್ಪಾ."

ಬೇರೆ ಯಾವ ಅರ್ಥ ಇದೆ? ಸಿದ್ದುವಿನ ಮುಖ ನೋಡಿದೆ. ಫೋನ್ ಚಾರ್ಜಿಗೆ ಹಾಕಲು ಒಳಗೆ ಹೋದ. ಆಗ ತಾನೇ ಚಾರ್ಜಿನಿಂದ ಕಿತ್ತಿದ್ದ.

ಕುಡಿದು ಬಂದು ಬೆಲ್ಟು ಬಿಚ್ಚುತ್ತಿದ್ದವನ ಮನೆಯಲ್ಲೇ ಇದ್ದಿದ್ದರೆ ನಾನು ಶ್ರೇಯಸ್ಸು. ಬಿಟ್ಟು ಬಂದೆ, ಅಪಶಕುನ. ನಾನು ಮಾಡಿದ ಹೆಸರು ಬೇಕು, ನಾನು ಹೊಲಿದ ಕುಲಾವಿ ಬೇಕು, ನಾನು ಟೈಪ್ ಮಾಡಿದ ಕಾರ್ಡು ಬೇಕು. ಬಾಯಿ ಮಾತ್ರ ಬೇಡ. ಇವರು ಉಂಡ ತಟ್ಟೆಯನ್ನೂ ನಾನೇ ತೊಳೆದೆ.

ಜೂನ್ 18, ಮಂಗಳವಾರ

ಕಾರ್ಡು ಆಯಿತು. ಸುಖಾಗಮನ ಬಯಸುವವರಲ್ಲಿ ಶ್ರೀಮತಿ ಶೃತಿ, ನಾಯಕನಹಟ್ಟಿ. ನನ್ನ ಹೆಸರು ಎಲ್ಲೂ ಇಲ್ಲ, ಕಾರ್ಡಿನ ಹಿಂದೆ ಪ್ರೆಸ್ಸಿನ ಫೋನ್ ನಂಬರಿನ ಪಕ್ಕದಲ್ಲಿ ಬಿಟ್ಟರೆ. ಪ್ರೂಫ್ ನೋಡಿ ಅಪ್ಪ ತಮ್ಮ ಹೆಸರನ್ನು ಇನ್ನೊಂದು ಸೈಜ್ ದೊಡ್ಡದು ಮಾಡಿಸಿದರು.

ಬೈಂಡಿಂಗ್ ಮಾಡುವ ಗೀತಮ್ಮ ಕಾರ್ಡು ಮಡಿಸುತ್ತಾ ಹೆಸರು ಓದಲು ಹೋಗಿ "ಜುಲಿ... ಜುನ... ಏನ್ ಶಿಲ್ಪಕ್ಕ ಇದು?" ಅಂದಳು. ಸುಮ್ನೆ ಮಡಚು ಅಂದೆ.

ಜೂನ್ 23, ಭಾನುವಾರ, ಸಂಜೆ

ಹೋಗಬಾರದಿತ್ತು. ಹೋದೆ. ಮಗುವಿಗೋಸ್ಕರ.

ಮೊಳಕಾಲ್ಮೂರಿನ ಬೀಗರ ಮನೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ರೇಷ್ಮೆ, ಮಲ್ಲಿಗೆ, ಬೆವರು. ನನಗೆ ಪಾಯಸ ಬಡಿಸುವ ಕೆಲಸ ಹಚ್ಚಿದರು. ಅಪ್ಪನೇ ಹೇಳಿದ್ದಿರಬೇಕು, ಅಡುಗೆ ಕಡೆ ನೋಡ್ಕೊಳ್ಲಿ ಅಂತ. ಬಕೆಟ್ ಹಿಡಿದು ಬಾಗಿಲ ಹತ್ತಿರ ನಿಂತು ನೋಡಿದೆ.

ಸ್ವಾಮಿಗಳು ಬಂದು ವಿಭೂತಿ ಹಚ್ಚಿ ಹೋದರು. ಮಗುವನ್ನು ತೊಟ್ಟಿಲಿಗೆ ಹಾಕಿದರು, ನನ್ನ ಹಸಿರು ಕುಲಾವಿಯಲ್ಲಿ. ಅಪ್ಪ ಕ್ರೀಮ್ ಬಣ್ಣದ ಸಿಲ್ಕ್ ಜುಬ್ಬಾ ಹಾಕಿಕೊಂಡು ತೊಟ್ಟಿಲ ತಲೆಯ ಕಡೆ ನಿಂತಿದ್ದರು. ಮದುವೆಯ ಗಂಡು ಇಷ್ಟು ಮೆರೆಯುವುದಿಲ್ಲ. ಸಿಕ್ಕವರಿಗೆಲ್ಲ "ನಾಲ್ಕಕ್ಷರ ನನ್ನವೇ" ಅನ್ನುತ್ತಿದ್ದರು. ಯಾರೋ ಬೆರಳು ಮಡಿಚಿ ಎಣಿಸಿ ತಲೆಯಾಡಿಸಿದರು. ದೀಪಿಕಾ ನನ್ನನ್ನು ಹುಡುಕುವ ಹಾಗೆ ಅತ್ತ ಇತ್ತ ನೋಡುತ್ತಿದ್ದಳು. ನಾನು ಕಂಬದ ಹಿಂದಕ್ಕೆ ಸರಿದೆ.

ಶೃತಿ ಬಗ್ಗಿದಳು. ಪಾಪ, ಮುಖ ಬೆವೆತು ಒದ್ದೆ. ಕುರ್ರ್ ಅಂದದ್ದು ಕೇಳಿಸಿತು. ಗುದ್ದು ಶುರುವಾಯಿತು. ಇನ್ನೊಮ್ಮೆ ಕುರ್ರ್. ಮತ್ತೆ ಗುದ್ದು, ನಗು. ಎದ್ದಳು. ಎಲ್ಲರೂ ಚಪ್ಪಾಳೆ. ಮುಗಿಯಿತು. ಒಂದು ನಿಮಿಷದ ಕೆಲಸ.

ಅಪ್ಪ ಪಂಕ್ತಿಯಲ್ಲಿ ಕೂತಾಗ ನಾನೇ ಪಾಯಸ ಬಡಿಸಿದೆ. "ಗೋಡಂಬಿ ಹಾಕು" ಅಂದರು. ಬಕೆಟ್ಟು ಅವರ ತಲೆಯ ಮೇಲೆ ಸುರಿಯುವ ಆಸೆ ಆಯಿತು. ಗೋಡಂಬಿ ಹಾಕಿದೆ.

ಜುಲೈ 2, ಮಂಗಳವಾರ

ಶೃತಿ ಪ್ರೆಸ್ಸಿಗೇ ಫೋನ್ ಮಾಡಿದ್ದಳು. ಅಳುತ್ತಿದ್ದಳು.

"ಅಕ್ಕ, ನಾನು ಹೆಸರೇ ಹೇಳ್ಲಿಲ್ಲ ಕಣಕ್ಕ."

"ಏನು?"

"ಮರ್ತು ಹೋತು. ಬಸ್ಸಿನಾಗೆಲ್ಲ ಬಾಯಿಪಾಠ ಮಾಡ್ಕೊಂಡೇ ಬಂದಿದ್ದೆ. ಅವ್ರು ಗುದ್ದಕ್ಕೆ ಶುರು ಮಾಡಿದ್ರು ನೋಡು, ಜು ಅಂತ ಬಂತು, ಮುಂದಕ್ಕೆ ಬರ್ಲೇ ಇಲ್ಲ. ಎದ್ದು ಕೇಳಿದ್ರೆ ಮರ್ಯಾದೆ ಹೋಗ್ತೈತಲ್ಲ. ಬರೀ ಕುರ್ರ್ ಅಂದು ಎದ್ಬಿಟ್ಟೆ."

ನಗು ಬಂತು. ತಡೆಯಲಿಲ್ಲ. ಮಾನಿಟರ್ ಹಿಡಿದುಕೊಂಡು ನಕ್ಕೆ, ಗಂಗರಾಜಣ್ಣ ಗಾಬರಿಯಾಗಿ ನೋಡಿದರು. ಮನೆತನದ ನಾಲ್ಕಕ್ಷರ! ಜುಬ್ಬಾ, ಬೀಗರು, ಊರಿಗೆಲ್ಲ ಕಾರ್ಡು, ಕಡೆಗೆ ಮಗುವಿನ ಕಿವಿಗೆ ಬಿದ್ದದ್ದು ಸೊಳ್ಳೆಯ ಸದ್ದು.

ಆಮೇಲೆ ಶೃತಿ ಅಂದಳು: "ಮನಸ್ಸು ತಡೀಲಿಲ್ಲ, ದಾಕ್ಷಾಯಿಣಿ ಅತ್ತೆಗೆ ಹೇಳ್ಬಿಟ್ಟೆ. ಅವ್ರ ಮನ್ಯಾಗೆ ದೊಡ್ಡ ರಂಪ ಆಗೈತೆ. ಕಿವ್ಯಾಗೆ ಹೆಸರು ಬೀಳ್ದೆ ಮಗು ಹೊಸಿಲು ದಾಟಂಗಿಲ್ಲ ಅಂತ ಅಜ್ಜಿ ಹಠ. ಇನ್ನೊಂದ್ಸಲ ಬಾ ಅಂತಾರೆ ದೊಡ್ಡಪ್ಪ. ನಾನು ಹೋಗಲ್ಲಕ್ಕ. ನಿನ್ನ ಜಾಗದಾಗೆ ನಿಂತಿದ್ದಕ್ಕೇ ನಂಗೆ ಹಿಂಗಾತು."

ನಗು ಅಲ್ಲಿಗೇ ನಿಂತಿತು. ಅಂದರೆ ಆ ಕಿವಿ ಇನ್ನೂ ಖಾಲಿ ಇದೆ.

ಜುಲೈ 4, ಗುರುವಾರ

ಅಪ್ಪ ಪ್ರೆಸ್ಸಿಗೆ ಬಂದರು. ಇಷ್ಟು ವರ್ಷದಲ್ಲಿ ಒಂದು ದಿನ ಬಂದವರಲ್ಲ. ಮಗಳು ಇನ್ನೊಬ್ಬರ ಅಂಗಡಿಯಲ್ಲಿ ಕೆಲಸ ಮಾಡುವುದನ್ನು ನೋಡಬಾರದು ಅಂತ ಈ ರಸ್ತೆಯಲ್ಲೇ ಓಡಾಡುತ್ತಿರಲಿಲ್ಲ. ಗಿರಾಕಿಗಳು ನಿಲ್ಲುವ ಕಡೆ ನಿಂತರು. ನಾನು ಕೂತೇ ಇದ್ದೆ.

"ನಾಳೆ ಮೊಳಕಾಲ್ಮೂರಿಗೆ ಹೋಗಿ ಬರಾಣ. ಶನಿವಾರದಿಂದ ಆಷಾಢ. ನೀನೇ ಹೇಳ್ಬಿಡು."

ಎದೆ ಹಾರಿತು. ಒಪ್ಪಿಕೊಳ್ಳುತ್ತೇನೆ. ಹಾರಿದ್ದು ನಿಜ.

"ಯಾರ್ಯಾರು ಬರ್ತಾರೆ ಅಪ್ಪಾಜಿ?"

"ಯಾರೂ ಇಲ್ಲ. ಬೆಳಿಗ್ಗೆ ಬ್ಯಾಗನೆ ಹೋಗಿ, ಒಳಗಿನ ರೂಮಿನಾಗೆ ಹೇಳಿ ಬಂದ್ಬಿಡಾಣ. ಯಾರಿಗೂ ಗೊತ್ತಾಗೋದು ಬ್ಯಾಡ. ಕೇಳಿದ್ರೆ ಶೃತಿನೇ ಹೇಳಿದ್ದು ಅಂತ ಇರ್ಲಿ."

ಹೇಸಿಗೆ ಅಂದರೆ ಏನು ಅಂತ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಇಲ್ಲ, ಈಗ ಗೊತ್ತಾಯಿತು. ತಾಳಿ ಇಲ್ಲದ ಬಾಯಿ ಅಪಶಕುನ ಅಂತ ನಂಬಿದ್ದರೆ ಅದನ್ನಾದರೂ ನಂಬಿಕೆ ಅನ್ನಬಹುದಿತ್ತು. ಇವರಿಗೆ ಅದೂ ಇಲ್ಲ. ಮಗುವಿಗೆ ನಾನು ಹೆಸರು ಹೇಳಿದರೆ ನಡೆಯುತ್ತದೆ. ಜನ ನೋಡಬಾರದು, ಅಷ್ಟೇ.

"ಹಿತ್ತಲ ಬಾಗ್ಲಿಂದ ಬರಲ್ಲ ಅಪ್ಪಾಜಿ. ಶೃತಿ ನಿಂತ ಜಾಗದಾಗೆ, ಅಷ್ಟೇ ಜನರ ಮುಂದೆ ಕರೀರಿ, ಬರ್ತೀನಿ."

"ಸೊಕ್ಕು ನಿಂಗೆ. ಇದೇ ಸೊಕ್ಕಿಗೇ ಗಂಡನ ಮನೆ ಬಿಟ್ಟು ಬಂದಿದ್ದು."

ಕಟಿಂಗ್ ಮೆಷಿನ್ನಿನ ಹತ್ತಿರ ಗೀತಮ್ಮ ಕೈ ನಿಲ್ಲಿಸಿದಳು. ಗಂಗರಾಜಣ್ಣ ಎದ್ದು ಬಂದು, "ಯಜಮಾನ್ರೇ, ಟೀ ಕುಡೀರಿ" ಅಂದರು. ಅಪ್ಪ ಕುಡಿಯಲಿಲ್ಲ. ಹೋದರು.

ಜುಲೈ 14, ಭಾನುವಾರ

ಮನೆಯಲ್ಲಿ ಮಾತಿಲ್ಲ. ಅಪ್ಪ ಸಿದ್ದುಗೆ ಹೇಳುತ್ತಾರೆ, ಸಿದ್ದು ನನಗೆ ಹೇಳುತ್ತಾನೆ. "ಅಕ್ಕ, ಸಾರಿಗೆ ಉಪ್ಪು ಕಮ್ಮಿ ಅಂತೆ." ಅವನ ಮೇಲೂ ಅಸಹ್ಯ. ಹೆಂಡತಿ ಮ‌ಗು ಬರದೆ ಒದ್ದಾಡುತ್ತಾನೆ, ಅಪ್ಪನ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ.

ಆಷಾಢದಲ್ಲಿ ಪ್ರೆಸ್ಸು ಖಾಲಿ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ನಿನ್ನೆ ಬೇಸರಕ್ಕೆ ಆಟವನ್ನು ತಿರುಗಿಸಿ ಆಡಿದೆ. ಅಪ್ಪನ ಅಕ್ಷರ ಒಂದೂ ಇಲ್ಲದ ಹೆಸರು ಯಾವುದಿದೆ? ಮ ಇಲ್ಲ, ಲ ಇಲ್ಲ, ಕ, ರ, ಜ, ನ, ಪ ಇಲ್ಲ. ನನ್ನ ಹೆಸರಲ್ಲೇ ಅವರ ಎರಡು ಅಕ್ಷರ ಕೂತಿವೆ. ದೀಪಿಕಾಳಲ್ಲಿ ಎರಡು. ತೀರಿಹೋದ ನಮ್ಮ ಅವ್ವ ಶಿವಬಸಮ್ಮ, ಅವಳ ಬಾಲದಲ್ಲೂ ಮ. ಗಿರಿಜಾ, ಶಾರದಾ, ರೇಣುಕಾ, ನೀಲಾಂಬಿಕೆ... ಎಲ್ಲೆಲ್ಲೂ ಈ ಮನುಷ್ಯ. ಒಳ್ಳೊಳ್ಳೆ ಅಕ್ಷರಗಳನ್ನೆಲ್ಲ ಹಿಡಿದುಕೊಂಡು ಕೂತಿದ್ದಾರೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ. ಸಾಕಾಗಿ ಬಿಟ್ಟೆ.

ಜುಲೈ 24, ಬುಧವಾರ, ಸಂಜೆ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಹನ್ನೊಂದೂವರೆ ಇರಬೇಕು. ಪ್ರೆಸ್ಸಿನ ಮುಂದೆ ಆಟೋ ನಿಂತಿತು. ಇಳಿದವಳು ದೀಪಿಕಾ. ತಲೆಗೆ ಸ್ಕಾರ್ಫ್, ಹೆಗಲಿಗೆ ಬ್ಯಾಗು, ಎದೆಗೆ ಮಗು. ಒಬ್ಬಳೇ.

"ಬಸ್ಸಿನಾಗೆ ಬಂದೆ ಅಕ್ಕ. ಇಂಜೆಕ್ಷನ್ ಹಾಕ್ಸಕ್ಕೆ ಅಂತ ಅಮ್ಮಂಗೆ ಹೇಳೀನಿ."

"ಬಾಣಂತಿ, ಈ ಆಷಾಢದ ಗಾಳ್ಯಾಗೆ, ಬಸ್ಸಿನಾಗೆ? ಬುದ್ಧಿ ಐತಾ ನಿಂಗೆ?"

"ಆಮೇಲೆ ಬೈಯಿ." ಸುತ್ತ ನೋಡಿದಳು. ಟೇಬಲ್ ಮೇಲೆ ಕತ್ತರಿಸಿದ ಆರ್ಟ್ ಪೇಪರಿನ ಕಟ್ಟು. ಅದರ ಮೇಲೆ ತನ್ನ ಶಾಲು ಹಾಸಿ ಮಗುವನ್ನು ಮಲಗಿಸಿದಳು. "ಹೇಳು."

"ಏನು?"

"ಹೆಸರು. ಅವತ್ತು ನಿನ್ನ ಎಲ್ಲೆಲ್ಲಿ ಹುಡುಕ್ದೆ ಗೊತ್ತಾ? ಬಕೆಟ್ ಹಿಡ್ಕೊಂಡು ನಿಂತಿದ್ದೆ ನೀನು. ಆಮೇಲೆ ಮಾವ ಫೋನ್ ಮಾಡಿ, ಯಾರಿಗೂ ಕಾಣ್ದಂಗೆ ಮಾಡ್ಸಾಣ ಅಂತಾರೆ. ನನ್ನ ಮಗಳೇನು ಕದ್ದು ತಂದಿದ್ದಾ? ಹೇಳಕ್ಕ. ಬಾಗ್ಲು ತೆಗ್ದೇ ಇರ್ಲಿ."

ಬೀದಿ ಬಾಗಿಲು ಪೂರ್ತಿ ತೆರೆದಿತ್ತು. ಎದುರಿನ ಕಂಬಳಿ ಅಂಗಡಿಯವರು ನೋಡುತ್ತಿದ್ದರು. ಅದೇ ಹೆಸರು ಹೇಳಲಾ ಅಂತ ಕೇಳಿದೆ.

"ಯಾವ್ದು? ನಂಗೂ ಬರಲ್ಲ ಅದು ಬಾಯಿಗೆ. ಚಿನ್ನಿ ಅಂತೀನಿ. ನೀನು ಸೋದರತ್ತೆ. ನಿಂಗೆ ಬಿಟ್ಟಿದ್ದು."

ಗಂಗರಾಜಣ್ಣ ಪ್ರಿಂಟಿಂಗ್ ಮೆಷಿನ್ ಆಫ್ ಮಾಡಿದರು. ಬಾಯಲ್ಲಿದ್ದ ಎಲೆಅಡಿಕೆ ಹೊರಗೆ ಹೋಗಿ ಉಗಿದು ಬಂದು, ಹೆಂಗಸರ ಶಾಸ್ತ್ರ ಅಂತ ಗೋಡೆಯ ಕಡೆ ತಿರುಗಿ ನಿಂತರು. ಗೀತಮ್ಮ ಕೈಗೆ ಹತ್ತಿದ ಅಂಟು ಒರೆಸಿಕೊಂಡು ನನ್ನ ಹಿಂದೆ ಬಂದಳು.

ಬಗ್ಗಿದೆ. ಕಿವಿಯ ಮಡಿಕೆ ಬಿಚ್ಚಿಕೊಂಡಿದೆ ಈಗ. ಹಾಲಿನ ವಾಸನೆ, ಇಂಕಿನ ವಾಸನೆ. ಕುರ್ರ್ ಅಂದೆ. ದೀಪಿಕಾ ಗುದ್ದಿದಳು. ಗೀತಮ್ಮ ಗುದ್ದಿದಳು, ರದ್ದಿ ಪೇಪರಿನ ಕಟ್ಟು ಹೊತ್ತ ಕೈ, ಉಸಿರು ಕಟ್ಟಿತು. ಹೆಸರು ಹೇಳಬೇಕು ಅಂತ ಬಾಯಿ ತೆರೆದರೆ ಬಂದದ್ದು ಬೇರೆಯೇ. "ನಾನು ನಿನ್ನ ಸೋದರತ್ತೆ ಕಣೇ" ಅಂದೆ. ಅಷ್ಟು ಹೇಳಿದ ಮೇಲೆ ಕಣ್ಣು ತುಂಬಿತು, ಅಕ್ಷರದ ಲೆಕ್ಕವೆಲ್ಲ ತಲೆಯಿಂದ ಹೋಯಿತು. ಇನ್ನೊಂದು ಗುದ್ದು ಬಿತ್ತು. ವಸುಧಾ ಅಂದೆ. ಎಲ್ಲಿಂದ ಬಂತೋ ಗೊತ್ತಿಲ್ಲ. ಮೂರು ಸಲ ಅಂದೆ.

"ಚೆನ್ನಾಗೈತೆ" ಅಂದರು ಗಂಗರಾಜಣ್ಣ, ಗೋಡೆಗೆ. ಅಡ್ವಾನ್ಸ್ ಇಲ್ಲದೇ ಅಂದರು.

ಆಟೋದಲ್ಲಿ ಮನೆಗೆ ಬರುವಾಗ ಹೊಳೆಯಿತು. ವ, ಸು, ಧಾ. ಅಪ್ಪನದು ಒಂದೂ ಇಲ್ಲ.

ದೀಪಿಕಾ ಹೊಸಿಲು ದಾಟಿ ನೇರ ಒಳಗೆ ಬಂದು ಹೇಳಿಬಿಟ್ಟಳು. "ಹೆಸರು ಹೇಳ್ಸಿ ಆತು ಮಾವ. ಅಕ್ಕನೇ ಹೇಳಿದ್ದು, ಪ್ರೆಸ್ಸಿನಾಗೆ, ಜನರ ಮುಂದೇನೇ. ಇನ್ನು ನಾವು ಇಲ್ಲೇ ಇರ್ತೀವಿ." ಅಪ್ಪ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಸೊಸೆಯನ್ನು ಬೈಯುವ ಹಾಗಿಲ್ಲ, ಬೀಗರಿದ್ದಾರೆ. ನನ್ನನ್ನು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮಗು ಸೀನಿತು. ಮುಚ್ಚಿದರು.

"ಯಾವ ಹೆಸರು ಹೇಳ್ದೆ?"

"ನಿಮ್ಮ ಮೊಮ್ಮಗಳನ್ನೇ ಕೇಳ್ರಿ" ಅಂದೆ.

ತೊಟ್ಟಿಲು ಮೊಳಕಾಲ್ಮೂರಿನಲ್ಲೇ ಇದೆ. ಸಿದ್ದು ಶೇಂಗಾ ಮಂಡಿಯಿಂದ ಓಡಿ ಬಂದು ಅವ್ವನ ಹಳೇ ಸೀರೆಯಲ್ಲಿ ಜೋಲಿ ಕಟ್ಟಿದ. ಕಟ್ಟುತ್ತಾ ನನ್ನ ಮುಖ ನೋಡದೆ "ತಪ್ಪಾತು ಅಕ್ಕ" ಅಂದ. ಇರಲಿ, ಅಷ್ಟಾದರೂ ಅಂದ.

ಈಗ ಒಂದು ಗಳಿಗೆಯ ಹಿಂದೆ. ಮಗು ಎದ್ದು ಅಳಲು ಶುರು ಮಾಡಿತು. ದೀಪಿಕಾ ಸ್ನಾನಕ್ಕೆ ಹೋಗಿದ್ದಳು. ನಾನು ಕೆಳಗೆ ಇಳಿದರೆ ಅಪ್ಪ ಜೋಲಿಯ ಮುಂದೆ ನಿಂತು, ಒಂದು ಕೈಯಲ್ಲಿ ಹಗ್ಗ ಹಿಡಿದು ಕರೆಯುತ್ತಿದ್ದರು. "ಜುಲಿನಕಾ... ಅಲ್ಲ, ಜುನಕಾಲಿ... ಏಯ್, ಜುಕಾ..." ತಮ್ಮದೇ ಅಕ್ಷರ, ಒಂದಕ್ಕೊಂದು ಸೇರುತ್ತಿಲ್ಲ. ಮಗುವಿನ ಅಳು ಜಾಸ್ತಿಯಾಯಿತು. ಪಕ್ಕದ ಮನೆಯ ಇಬ್ಬರು ಹೆಂಗಸರು ಮಗು ನೋಡಲು ಬಂದವರು ಬಾಗಿಲಲ್ಲಿದ್ದರು.

ಕೊನೆಗೆ ಅಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ಬೆವರು. "ನಂಗಾಗಲ್ಲಮ್ಮ. ನೀನೇ ಕರಿ" ಅಂದರು. ಹೆಂಗಸರು ನೋಡುತ್ತಿದ್ದ ಹಾಗೆಯೇ ಹಗ್ಗ ನನ್ನ ಕೈಗೆ ಕೊಟ್ಟು, ಸರಿದು ಜಾಗ ಬಿಟ್ಟರು.

ಹೋದೆ. ಬಗ್ಗಿದೆ. ಈ ಸಲ ಪಿಸುಗುಟ್ಟಲಿಲ್ಲ, ಬಾಗಿಲವರೆಗೂ ಕೇಳಿಸುವ ಹಾಗೆ ಕರೆದೆ: "ವಸುಧಾ!"